ಬೀಗ, ಕೀಲಿಕೈ, ಕೋವಿ: ಅಗ್ಗದ ಬೀಗ ಎಷ್ಟು ಕಾಯುತ್ತದೆ?



ಈ ಸಲದ ಪಾಠಕ್ಕೆ ನಾನು ಆರಿಸಿಕೊಂಡಿರುವ ಪದ ‘ಬೀಗ’. ಮೈಸೂರು, ಬೆಂಗಳೂರು ಕಡೆಯವರು “ಬೀಗ ಹಾಕು” ಎನ್ನುತ್ತಾರೆ. ಹುಬ್ಬಳ್ಳಿ, ಧಾರವಾಡದ ಕಡೆಯವರು “ಕೀಲಿ ಹಾಕು” ಎನ್ನುತ್ತಾರೆ. ಅದನ್ನು ತೆಗೆಯುವ ಸಾಧನ ಒಬ್ಬರಿಗೆ ಬೀಗದ ಕೈ, ಇನ್ನೊಬ್ಬರಿಗೆ ಕೀಲಿಕೈ. ಎರಡು ಹೆಸರಿನಲ್ಲೂ ‘ಕೈ’ ಇದೆ ಎಂಬುದನ್ನು ಗಮನಿಸಿ. ಮದುವೆಯಿಂದ ನೆಂಟರಾಗುವ ‘ಬೀಗರು’ ಎಲ್ಲಿಂದ ಬಂದರು ಎಂದು ತರಗತಿಯಲ್ಲಿ ಕೇಳುವ ತುಂಟರಿದ್ದಾರೆ. ಅವರನ್ನು ಮುಂದಿನ ವರ್ಷದ ಪಾಠಕ್ಕೆ ಕರೆಯೋಣ.

ಎರಡನೆಯ ಪದ ‘ಕೋವಿ’. ಬಂದೂಕು ಎಂದರೂ ಅದೇ. ನಮ್ಮಲ್ಲಿ ಕೊಡಗಿನವರಿಗೆ ಕೋವಿ ಹೊಸದಲ್ಲ. ಅಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಅದನ್ನು ದೇವರ ಮುಂದಿಟ್ಟು, ಹೂವಿಟ್ಟು ಪೂಜಿಸುತ್ತಾರೆ. ಆದರೆ ಕರ್ನಾಟಕದ ಉಳಿದ ಕಡೆಗಳಿಂದ ಬಂದ ನಮ್ಮಲ್ಲಿ ಹೆಚ್ಚಿನವರು ಕೋವಿಯನ್ನು ನೋಡಿದ್ದು ಬ್ಯಾಂಕಿನ ಬಾಗಿಲಲ್ಲಿ, ಕಾವಲುಗಾರನ ಹೆಗಲ ಮೇಲೆ. ಇಲ್ಲಿ, ಅಮೆರಿಕದಲ್ಲಿ, ಅದು ಪಕ್ಕದ ಮನೆಯ ಮಲಗುವ ಕೋಣೆಯಲ್ಲಿ ಇರಬಹುದು. ಈಚೆಗೆ ನಮ್ಮವರ ಮನೆಗಳಿಗೂ ಬಂದಿದೆ. ಹಾಗಾಗಿ ಈ ಎರಡು ಪದಗಳನ್ನು ಒಂದೇ ವಾಕ್ಯದಲ್ಲಿ ಬಳಸುವುದನ್ನು ನಾವು ಕಲಿಯಬೇಕಾಗಿದೆ: “ಕೋವಿಗೆ ಬೀಗ ಹಾಕಿದ್ದೀರಾ?”

ಮೊದಲು ಬೀಗಗಳ ಪರಿಚಯ. ಎಲ್ಲಕ್ಕಿಂತ ಅಗ್ಗದ್ದು ಕೇಬಲ್ ಲಾಕ್. ಪ್ಲಾಸ್ಟಿಕ್ ಹೊದಿಸಿದ ಉಕ್ಕಿನ ತಂತಿ, ಅದರ ತುದಿಗೆ ಒಂದು ಪುಟ್ಟ ಬೀಗ. ಕೋವಿಯಲ್ಲಿ ಗುಂಡು ಇಲ್ಲವೆಂದು ಖಚಿತ ಮಾಡಿಕೊಂಡು, ಗುಂಡು ಹೋಗುವ ದಾರಿಯಲ್ಲೇ ಈ ತಂತಿಯನ್ನು ತೂರಿಸಿ ಬೀಗ ಹಾಕುತ್ತಾರೆ. ತಂತಿ ಅಡ್ಡ ಇರುವ ತನಕ ಗುಂಡು ತನ್ನ ಜಾಗಕ್ಕೆ ಹೋಗುವುದಿಲ್ಲ, ಕೋವಿಯ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಇದರ ಬೆಲೆ ಕೆಲವೇ ಡಾಲರ್. ಎಷ್ಟೋ ಪೊಲೀಸ್ ಠಾಣೆಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಎರಡನೆಯದು ಟ್ರಿಗರ್ ಲಾಕ್. ಎರಡು ಭಾಗಗಳು ಕುದುರೆಯನ್ನು, ಅಂದರೆ ಟ್ರಿಗರನ್ನು, ಎರಡೂ ಕಡೆಯಿಂದ ಒತ್ತಿ ಮುಚ್ಚುತ್ತವೆ. ಇದನ್ನು ಗುಂಡು ತುಂಬಿದ ಕೋವಿಗೆ ಹಾಕಲೇಬಾರದು, ಹಾಕುವಾಗಲೇ ಗುಂಡು ಹಾರಬಹುದು. ಇವೆರಡರ ಮೇಲಿನ ದರ್ಜೆಯಲ್ಲಿ ಉಕ್ಕಿನ ಪೆಟ್ಟಿಗೆ, ಆಮೇಲೆ ಆಳೆತ್ತರದ ಸೇಫ್.

ಇಷ್ಟು ಅಗ್ಗದ ಬೀಗ ನಿಜವಾಗಿ ಏನಾದರೂ ಕಾಯುತ್ತದೆಯೇ? ಯಾರಿಂದ ಕಾಯಬೇಕು ಎಂದು ಮೊದಲು ಕೇಳಬೇಕು ಎನ್ನುವುದು ನನ್ನ ಉತ್ತರ.

ಕಳ್ಳನಿಂದ ಎಂದರೆ, ಇಲ್ಲ. ಕಳ್ಳ ಬೀಗ ಒಡೆಯುತ್ತಾ ಕೂರುವುದಿಲ್ಲ. ಬೀಗದ ಸಮೇತ ಕೋವಿಯನ್ನು ಎತ್ತಿಕೊಂಡು ಹೋಗುತ್ತಾನೆ. ಮನೆಗೆ ಹೋಗಿ, ಗ್ಯಾರೇಜಿನಲ್ಲಿ ಸಿಗುವಂಥ ಸಾಮಾನಿನಿಂದಲೇ ತಂತಿ ಕತ್ತರಿಸುತ್ತಾನೆ. ದುಬಾರಿ ಪೆಟ್ಟಿಗೆಯ ಮಾತೂ ಪೂರ್ತಿ ಬೇರೆಯಲ್ಲ. ಮನೆಬಳಕೆಯ ಸೇಫುಗಳಿಗೆ ಅಮೆರಿಕದಲ್ಲಿ ಕೊಡುವ ಸಾಮಾನ್ಯ ದರ್ಜೆಯ ಪರೀಕ್ಷೆ ಏನು ಗೊತ್ತೇ? ಒಬ್ಬ ಮನುಷ್ಯ ಕೈಯ ಹತ್ಯಾರುಗಳಿಂದ 5 ನಿಮಿಷ ಹೊಡೆದರೂ ಬಾಗಿಲು ತೆರೆಯಬಾರದು, ಅಷ್ಟೆ. ಬೀಗ ಎಂದರೆ ಗೋಡೆಯಲ್ಲ, ಹೊತ್ತು. ದುಡ್ಡು ಕೊಟ್ಟು ನಾವು ನಿಮಿಷಗಳನ್ನು ಕೊಳ್ಳುತ್ತೇವೆ.

ಅಗ್ಗದ ಬೀಗಗಳ ಮೇಲೆ ಅನುಮಾನ ಬರಲು ಕಾರಣವೂ ಇದೆ. ಕೋವಿ ಉದ್ಯಮದ ಸಂಘವೊಂದು 1999ರಲ್ಲಿ ಬೀಗಗಳನ್ನು ಪುಕ್ಕಟೆ ಹಂಚುವ ಯೋಜನೆ ಆರಂಭಿಸಿತು. 2001ರಲ್ಲಿ, ಹಾಗೆ ಹಂಚಿದ ಸುಮಾರು 4 ಲಕ್ಷ ಬೀಗಗಳನ್ನು ಹಿಂದಕ್ಕೆ ಪಡೆಯಬೇಕಾಯಿತು, ಏಕೆಂದರೆ ಅವು ಕೀಲಿಕೈ ಇಲ್ಲದೆಯೂ ತೆರೆದುಕೊಳ್ಳಬಹುದಾಗಿತ್ತು. ಆಮೇಲೆ ಬೇರೆ ಬೀಗ ಹಂಚಿದರು, ಯೋಜನೆ ಈಗಲೂ ನಡೆಯುತ್ತಿದೆ. ಕ್ಯಾಲಿಫೋರ್ನಿಯಾ ರಾಜ್ಯ 1999ರಲ್ಲೇ ಕಾನೂನು ಮಾಡಿ, 2002ರಿಂದ ಪರೀಕ್ಷೆಯಲ್ಲಿ ಪಾಸಾದ ಬೀಗಗಳನ್ನಷ್ಟೇ ಒಪ್ಪುತ್ತದೆ. ಅವುಗಳ ಪಟ್ಟಿಯನ್ನು ಅಲ್ಲಿನ ನ್ಯಾಯ ಇಲಾಖೆ ಪ್ರಕಟಿಸುತ್ತದೆ. ಬೇರೆ ರಾಜ್ಯದವರೂ ಕೊಳ್ಳುವ ಮುಂಚೆ ಆ ಪಟ್ಟಿ ನೋಡಿದರೆ ನಷ್ಟವಿಲ್ಲ. ದೇಶಕ್ಕೆಲ್ಲ ಅನ್ವಯಿಸುವ 2005ರ ಕಾನೂನಿನ ಪ್ರಕಾರ ಪರವಾನಗಿ ಇರುವ ಅಂಗಡಿಯವರು ಪಿಸ್ತೂಲು ಮಾರುವಾಗ ಜೊತೆಗೆ ಬೀಗವನ್ನೋ ಪೆಟ್ಟಿಗೆಯನ್ನೋ ಕೊಡಬೇಕು. ಕೊಡಬೇಕು ಎಂದಿದೆ. ಮನೆಯಲ್ಲಿ ಹಾಕಬೇಕೋ ಬೇಡವೋ ಎಂಬುದನ್ನು ಆಯಾ ರಾಜ್ಯಕ್ಕೆ ಬಿಟ್ಟಿದೆ.

ಈಗ ಮಕ್ಕಳ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 8ರಿಂದ 12 ವರ್ಷದ 64 ಹುಡುಗರನ್ನು 29 ಚಿಕ್ಕ ಗುಂಪುಗಳಾಗಿ ಮಾಡಿ ಒಂದು ಕೋಣೆಯಲ್ಲಿ ಬಿಟ್ಟರು. ಅಲ್ಲಿನ ಡ್ರಾಯರುಗಳಲ್ಲಿ ನೀರಿನ ಪಿಚಕಾರಿಗಳ ಜೊತೆ ಒಂದು ನಿಜವಾದ ಪಿಸ್ತೂಲನ್ನೂ, ಗುಂಡು ಹಾರದಂತೆ ಮಾಡಿ, ಇಟ್ಟಿದ್ದರು. ಹೆಚ್ಚೆಂದರೆ ಕಾಲು ಗಂಟೆ ಸಮಯ. 21 ಗುಂಪುಗಳಿಗೆ ಪಿಸ್ತೂಲು ಸಿಕ್ಕಿತು. 16 ಗುಂಪುಗಳಲ್ಲಿ ಹುಡುಗರು ಅದನ್ನು ಕೈಗೆತ್ತಿಕೊಂಡರು. 10 ಗುಂಪುಗಳಲ್ಲಿ ಯಾರಾದರೊಬ್ಬರು ಟ್ರಿಗರ್ ಎಳೆದರು. ಸಿಕ್ಕವರಲ್ಲಿ ಸುಮಾರು ಅರ್ಧ ಮಂದಿಗೆ ಅದು ಆಟಿಕೆಯೋ ನಿಜವೋ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ಪಿಸ್ತೂಲನ್ನು ಮುಟ್ಟಿದ ಹುಡುಗರಲ್ಲಿ 10ಕ್ಕೆ 9ಕ್ಕಿಂತ ಹೆಚ್ಚು ಮಂದಿಗೆ “ಕೋವಿ ಮುಟ್ಟಬಾರದು” ಎಂಬಂಥ ಪಾಠ ಮೊದಲೇ ಆಗಿತ್ತು! ಮೇಷ್ಟ್ರ ಕೆಲಸ ಮಾಡುವ ನನಗೆ ಈ ಅಂಕಿ ಅಷ್ಟು ಹಿತವಾದದ್ದಲ್ಲ. ಪಾಠ ಹೇಳಬೇಕು, ಆದರೆ ಪಾಠವನ್ನೇ ಬೀಗ ಎಂದುಕೊಳ್ಳಬಾರದು.

“ನಮ್ಮ ಮಗುವಿಗೆ ಅದನ್ನು ಎಲ್ಲಿಟ್ಟಿದ್ದೇವೆ ಎಂದೇ ಗೊತ್ತಿಲ್ಲ” ಎನ್ನುವ ಪೋಷಕರಿಗೆ 2006ರ ಇನ್ನೊಂದು ಅಧ್ಯಯನವನ್ನು ಹೇಳುತ್ತೇನೆ. ಹಾಗೆಂದ ತಂದೆತಾಯಿಗಳಲ್ಲಿ ಶೇಕಡಾ 39 ಮಂದಿಯ ಮಕ್ಕಳು, ಬೇರೆಯಾಗಿ ಕೇಳಿದಾಗ, ತಮಗೆ ಜಾಗ ಗೊತ್ತು ಎಂದರು. ದೀಪಾವಳಿಯ ಚಕ್ಕುಲಿ ಡಬ್ಬವನ್ನು ಅಟ್ಟದ ಮೇಲಿಟ್ಟು ಗೆದ್ದ ಅಮ್ಮಂದಿರು ಎಷ್ಟು ಜನ, ನೀವೇ ಹೇಳಿ.

ಮಗುವಿನ ಬೆರಳಿಗೆ, ನೆಂಟರ ಮನೆಗೆ ಬಂದ ಹುಡುಗನ ಕುತೂಹಲಕ್ಕೆ ಆ ಪುಟ್ಟ ತಂತಿ ದೊಡ್ಡ ಅಡ್ಡಿಯೇ. 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ನಾಲ್ಕು ಅಭ್ಯಾಸಗಳನ್ನು ನೋಡಿತು. ಕೋವಿಗೆ ಬೀಗ ಹಾಕುವುದು, ಗುಂಡು ತೆಗೆದಿಡುವುದು, ಗುಂಡುಗಳಿಗೂ ಬೀಗ ಹಾಕುವುದು, ಗುಂಡುಗಳನ್ನು ಬೇರೆ ಜಾಗದಲ್ಲಿಡುವುದು. ಮಕ್ಕಳು ಮತ್ತು ಹದಿಹರೆಯದವರು ಕೋವಿಯಿಂದ ಆಕಸ್ಮಿಕವಾಗಿ ಗಾಯಗೊಳ್ಳುವುದು, ತಮ್ಮನ್ನೇ ತಾವು ಹಾನಿ ಮಾಡಿಕೊಳ್ಳುವುದು, ಇವು ಈ ನಾಲ್ಕರಲ್ಲಿ ಯಾವ ಅಭ್ಯಾಸವಿದ್ದ ಮನೆಯಲ್ಲೂ ಕಡಿಮೆ ಕಂಡವು. ಬೀಗದ ಬೆಲೆ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ದೊಡ್ಡ ಮಕ್ಕಳ ಬಗ್ಗೆಯೂ ಮುಚ್ಚುಮರೆ ಇಲ್ಲದೆ ಒಂದು ಮಾತು. ಮನಸ್ಸು ತೀರಾ ಕುಸಿಯುವ ಗಳಿಗೆ ಎಷ್ಟೋ ಸಲ ಬಂದಷ್ಟೇ ಬೇಗ ದಾಟಿಹೋಗುತ್ತದೆ. ಆ ಗಳಿಗೆಯಲ್ಲಿ ಕೈಗೆ ಏನೂ ಸಿಗದಂತೆ ಮಾಡಿದರೆ ಒಂದು ಜೀವ ಉಳಿಯಬಹುದು. ಆದರೆ 16ರ ಹುಡುಗನಿಗೆ ಅಪ್ಪನ ಕೀಲಿಗೊಂಚಲು ಎಲ್ಲಿದೆ ಎಂದು ಗೊತ್ತಿದ್ದರೆ ಕೇಬಲ್ ಲಾಕಿಗೂ ರಿಬ್ಬನ್ನಿಗೂ ವ್ಯತ್ಯಾಸವಿಲ್ಲ. ಅಂಥ ಮನೆಯಲ್ಲಿ ಕೋವಿಯನ್ನು ಕೆಲವು ಕಾಲ ಮನೆಯಿಂದಲೇ ಹೊರಗಿಡುವುದು ಉತ್ತಮ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾತನಾಡಲು 988 ಎಂಬ ದೂರವಾಣಿ ಸಂಖ್ಯೆ 2022ರಿಂದ ಇದೆ. ಮಕ್ಕಳೂ ಇದನ್ನು ಬರೆದುಕೊಳ್ಳಿ.

ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನ ಹೆಸರು ನಮ್ಮಲ್ಲಿ ಅನೇಕರಿಗೆ ನೆನಪಿದೆ. 2021ರ ನವೆಂಬರ್ 30ರಂದು 15 ವರ್ಷದ ವಿದ್ಯಾರ್ಥಿಯೊಬ್ಬ ಅಲ್ಲಿ 4 ಸಹಪಾಠಿಗಳನ್ನು ಕೊಂದ, 7 ಮಂದಿಯನ್ನು ಗಾಯಗೊಳಿಸಿದ. ಪಿಸ್ತೂಲನ್ನು ಕೆಲವೇ ದಿನ ಮೊದಲು ತಂದೆ ಕೊಂಡು ತಂದಿದ್ದ. ಅದರ ಜೊತೆ ಬಂದಿದ್ದ ಕೇಬಲ್ ಲಾಕ್ ಪ್ಲಾಸ್ಟಿಕ್ ಕವರಿನಿಂದ ಹೊರಗೆ ಬಂದೇ ಇರಲಿಲ್ಲ. ಮನೆಯ ಬೇರೆ ಎರಡು ಕೋವಿಗಳು ಬೀಗದ ಪೆಟ್ಟಿಗೆಯಲ್ಲೇ ಇದ್ದವು, ಆದರೆ ಅದರ ಗುಪ್ತ ಸಂಖ್ಯೆ 000. ತಂದೆತಾಯಿಯ ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಆ ಬಗೆಯ ತಂತಿಯನ್ನು ಕೋವಿಗೆ ಹಾಕಿ ತೋರಿಸಿದರು. ಕೆಲವು ಸೆಕೆಂಡುಗಳ ಕೆಲಸ. 2024ರಲ್ಲಿ ತಂದೆತಾಯಿ ಇಬ್ಬರಿಗೂ 10ರಿಂದ 15 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಅದೇ ವರ್ಷದ ಫೆಬ್ರವರಿ 13ರಿಂದ ಮಿಷಿಗನ್‌ನಲ್ಲಿ, ಮಕ್ಕಳು ಇರುವ ಅಥವಾ ಬರಬಹುದಾದ ಜಾಗದಲ್ಲಿ ಕೋವಿಯನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಇಲ್ಲವೇ ಗುಂಡು ತೆಗೆದು ಬೀಗ ಹಾಕಿಯೇ ಇಡಬೇಕೆಂಬ ಕಾನೂನು ಜಾರಿಯಲ್ಲಿದೆ. ‘ಬರಬಹುದಾದ’ ಎಂಬ ಪದ ಮುಖ್ಯ. ನಿಮ್ಮ ಮಕ್ಕಳು ದೊಡ್ಡವರಾಗಿರಬಹುದು, ಭಾನುವಾರ ಊಟಕ್ಕೆ ಬರುವ ಸ್ನೇಹಿತರ ಮಕ್ಕಳು ಚಿಕ್ಕವರು.

“ರಾತ್ರಿ ಕಳ್ಳ ಬಂದರೆ ಬೀಗದ ಕೈ ಹುಡುಕುತ್ತಾ ಕೂರಲೇ?” ಎಂದು ಕೋವಿ ಇಟ್ಟುಕೊಂಡವರು ಕೇಳುವುದುಂಟು. ನ್ಯಾಯವಾದ ಪ್ರಶ್ನೆಯೇ. ಅಂಥವರಿಗೆ ಕೇಬಲ್ ಲಾಕ್ ತಕ್ಕುದಲ್ಲ. ಗುಂಡಿ ಒತ್ತಿ ತೆರೆಯುವ, ಗೋಡೆಗೋ ಮಂಚಕ್ಕೋ ಬಿಗಿದಿಡುವ ಪೆಟ್ಟಿಗೆ ಇದೆ. ಗುಪ್ತ ಸಂಖ್ಯೆ ಮಾತ್ರ ಮಗನ ಹುಟ್ಟಿದ ದಿನ ಆಗದಿರಲಿ!

ಕೋವಿಯೇ ಇಲ್ಲದ ಮನೆಯವರಿಗೆ ಇರುವುದು ಒಂದೇ ಕೆಲಸ, ಕೇಳುವುದು. ನಮಗೆ ಅದೇ ಕಷ್ಟ. ಮಗುವನ್ನು ಗೆಳೆಯನ ಮನೆಗೆ ರಾತ್ರಿ ಮಲಗಲು ಕಳಿಸುವಾಗ ಕಡಲೆಕಾಯಿ ಅಲರ್ಜಿ, ನಾಯಿ, ಈಜುಕೊಳ ಎಲ್ಲ ಕೇಳುತ್ತೇವೆ, ಇದೊಂದನ್ನು ಕೇಳಲು ನಾಲಿಗೆ ಏಳುವುದಿಲ್ಲ. ಆ ಪಟ್ಟಿಯ ಜೊತೆಗೇ ಸೇರಿಸಿ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ನಮ್ಮವರನ್ನು ಕನ್ನಡದಲ್ಲಿ ಹೀಗೆ ಕೇಳಬಹುದು: “ತಪ್ಪು ತಿಳ್ಕೋಬೇಡಿ, ಮಗೂನ ಎಲ್ಲಿಗೆ ಕಳಿಸಿದ್ರೂ ನಾವು ಕೇಳ್ತೀವಿ. ಮನೇಲಿ ಗನ್ ಏನಾದ್ರೂ ಇದೆಯಾ? ಇದ್ರೆ ಬೀಗ ಹಾಕಿದ್ದೀರಾ? ಬೀಗದ ಕೈ ಯಾರ ಹತ್ರ ಇರುತ್ತೆ?” ಮೂರನೆಯ ಪ್ರಶ್ನೆಯನ್ನು ಬಿಡಬೇಡಿ.

ಅಭ್ಯಾಸ

ಪದಗಳು: ಚಿಲಕ, ಅಗುಳಿ, ಬೀಗ, ಕೀಲಿಕೈ, ಕೀಲಿಗೊಂಚಲು, ಗುಪ್ತ ಸಂಖ್ಯೆ. ಚಿಲಕಕ್ಕೂ ಅಗುಳಿಗೂ ಏನು ವ್ಯತ್ಯಾಸ? ಅಜ್ಜಿಗೆ ಫೋನ್ ಮಾಡಿ ಕೇಳಿ ಬರೆಯಿರಿ.

ಗೆಳೆಯನ ಮನೆಯಲ್ಲಿ ನಿಮಗೆ ಕೋವಿ ಕಂಡಿತು. ಅದು ಆಟಿಕೆಯೇ ಎಂದು ಗೆಳೆಯ ಹೇಳುತ್ತಿದ್ದಾನೆ. ನೀವು ಆಡುವ ಮಾತು, ಮಾಡುವ ಕೆಲಸ, ಹೋಗಿ ಹೇಳುವ ದೊಡ್ಡವರು ಯಾರು ಎಂಬುದನ್ನು ಐದು ವಾಕ್ಯಗಳಲ್ಲಿ ಬರೆದು ತನ್ನಿ. ಪೋಷಕರು ಓದಿ ಸಹಿ ಹಾಕಬೇಕು.