ಮಡಚುವ ಸೈಕಲ್: ಹ್ಯಾಂಡಲ್ ನಿಮ್ಮ ಕೈಗೆ ಹೊಂದಲಿ

ಹತ್ತು ಕಿಲೋಮೀಟರ್ ತುಳಿದು ಇಳಿದಾಗ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದಿದ್ದರೆ ‘ಅಭ್ಯಾಸವಾದರೆ ಸರಿಹೋಗುತ್ತೆ’ ಎಂದು ಸುಮ್ಮನಿರಬೇಡಿ. ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ಅಲ್ನಾರ್ ನರದ ಮೇಲೆ ಮೈಭಾರ ಬೀಳುತ್ತಿರುವುದರ ಲಕ್ಷಣ ಅದು. ನಾನು ಆರು ತಿಂಗಳು ಸುಮ್ಮನಿದ್ದೆ. ಒಂದು ಬೆಳಿಗ್ಗೆ ಆಫೀಸು ತಲುಪಿದ ಮೇಲೆ ಅಂಗಿಯ ತೋಳಿನ ಗುಂಡಿ ಹಾಕಲು ಬೆರಳು ಬಾಗದೆ ಹೋದಾಗ ಹೆದರಿಕೆಯಾಯಿತು.

ತೊಂದರೆ ಇದ್ದದ್ದು ಸೈಕಲ್ಲಿನ ರಚನೆಯಲ್ಲಿ. ಮಾಮೂಲಿ ಸೈಕಲ್ಲಿನಲ್ಲಿ ಹ್ಯಾಂಡಲ್ ಹಿಡಿದಿರುವ ಗಿಡ್ಡ ಸ್ಟೆಮ್ ಬದಲಿಸಿದರೆ ಅಳತೆ ಸರಿಹೋಗುತ್ತದೆ. ಮಡಚುವ ಸೈಕಲ್ಲಿನಲ್ಲಿ ಬುಡದಲ್ಲಿ ಕೀಲು ಇರುವ ಒಂದು ಉದ್ದನೆಯ ಪೋಸ್ಟ್ ನೆಟ್ಟಗೆ ಮೇಲೆದ್ದು, ತನ್ನ ತಲೆಯಲ್ಲೇ ಹ್ಯಾಂಡಲನ್ನು ಕಚ್ಚಿ ಹಿಡಿದಿರುತ್ತದೆ. ಸೀಟು ಯಾರ ಕಾಲಿಗೆ ಬೇಕಾದರೂ ಏರುತ್ತದೆ, ಹ್ಯಾಂಡಲ್ ಮಾತ್ರ ಹಲವು ಮಾದರಿಗಳಲ್ಲಿ ಇದ್ದಲ್ಲೇ ಇರುತ್ತದೆ. ನನ್ನ ಎತ್ತರ 5 ಅಡಿ 11 ಅಂಗುಲ. ಸೀಟು ಏರಿಸಿದ ಮೇಲೆ ಹ್ಯಾಂಡಲ್ ನನಗೆ ತಗ್ಗಾಯಿತು, ತೀರಾ ಹತ್ತಿರವೂ ಆಯಿತು. ತಿರುವಿನಲ್ಲಿ ಮೊಣಕಾಲು ತಾಗುತ್ತಿತ್ತು. ಲಂಡನ್ನಿನ ಬ್ರಾಂಪ್ಟನ್ ಕಂಪನಿ ಇದಕ್ಕಾಗಿಯೇ ಬೇರೆ ಬೇರೆ ಎತ್ತರದ ಹ್ಯಾಂಡಲ್‌ಗಳನ್ನು ಕೊಡುತ್ತದೆ. 20 ಅಂಗುಲದ ಚಕ್ರವಿರುವ ಉಳಿದ ಬಹಳಷ್ಟು ಮಾದರಿಗಳಿಗೆ ಸುಲಭದ ದಾರಿ ಸ್ಟೆಮ್ ಅಡಾಪ್ಟರ್.

ಅಂಗೈಯಷ್ಟೂ ಉದ್ದವಿಲ್ಲದ ಅಲ್ಯೂಮಿನಿಯಂ ತುಂಡು ಅದು. ಒಂದು ತುದಿಯಲ್ಲಿರುವ ಗಿಡ್ಡ ಕೊಳವೆಯನ್ನು ಪೋಸ್ಟಿನ ತಲೆ ಹಿಡಿದುಕೊಳ್ಳುತ್ತದೆ. ಇನ್ನೊಂದು ತುದಿಯ ಕ್ಲ್ಯಾಂಪು ಹ್ಯಾಂಡಲನ್ನು ಹಿಡಿದುಕೊಳ್ಳುತ್ತದೆ. ಗಡಿಯಾರದ ಮುಳ್ಳಿನಂತೆ ಅದನ್ನು ಯಾವ ಕೋನಕ್ಕಾದರೂ ತಿರುಗಿಸಿ ನಿಲ್ಲಿಸಬಹುದು. 5 ಸೆಂ.ಮೀ. ಅಡಾಪ್ಟರನ್ನು ಮುಂದಕ್ಕೆ ಅಡ್ಡ ಮಲಗಿಸಿದರೆ ಹ್ಯಾಂಡಲ್ 5 ಸೆಂ.ಮೀ. ಮುಂದೆ ಹೋಗುತ್ತದೆ, ಎತ್ತರ ಬದಲಾಗುವುದಿಲ್ಲ. 45 ಡಿಗ್ರಿಗೆ ಎತ್ತಿದರೆ ಸುಮಾರು 3.5 ಸೆಂ.ಮೀ. ಮುಂದೆ, ಅಷ್ಟೇ ಮೇಲೆ. ನೆಟ್ಟಗೆ ನಿಲ್ಲಿಸಿದರೆ ಬರೀ ಎತ್ತರ.

ಕೊಳ್ಳುವ ಮುನ್ನ

ಮೊದಲು ಸೀಟು. ಪೆಡಲ್ ತೀರಾ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಸೊಂಟ ವಾಲಬಾರದು. ಸೀಟು ತಪ್ಪಾಗಿದ್ದಾಗ ಹ್ಯಾಂಡಲ್ ಸರಿಮಾಡಲು ಹೊರಟರೆ ಎರಡೂ ಕೆಡುತ್ತವೆ. ನಿಮ್ಮ ಪೋಸ್ಟು ಎಳೆದು ಉದ್ದ ಮಾಡುವಂಥದ್ದಾದರೆ ಮೊದಲು ಅದನ್ನೇ ಏರಿಸಿ ನೋಡಿ. ಆದರೆ ಅದರ ಮೇಲೆ ಕೊರೆದಿರುವ ಕೊನೆಯ ಗೆರೆ ಹೊರಗೆ ಕಾಣಬಾರದು. ಬಹಳ ಜನಕ್ಕೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ, ದುಡ್ಡು ಖರ್ಚು ಮಾಡಬೇಕಾಗಿಲ್ಲ.

ಅದಕ್ಕೂ ಸರಿಹೋಗದಿದ್ದರೆ ಹ್ಯಾಂಡಲ್ಲಿನ ನಡುಭಾಗದ ದಪ್ಪ ತಿಳಿಯಬೇಕು. ವರ್ನಿಯರ್ ಇಲ್ಲದಿದ್ದರೆ ಹೊಲಿಗೆ ದಾರ ಸಾಕು. ಕ್ಲ್ಯಾಂಪಿನ ಪಕ್ಕದಲ್ಲೇ, ಕೊಳವೆ ಸಣ್ಣಗಾಗುವ ಮೊದಲು, ಒಂದೇ ಸುತ್ತು ಬಿಗಿಯಾಗಿ ಸುತ್ತಿ ಗುರುತು ಹಾಕಿ, ಬಿಚ್ಚಿ ಸ್ಕೇಲಿನ ಮೇಲಿಡಿ. 8 ಸೆಂ.ಮೀ. ಬಂದರೆ ಅದು 25.4 ಮಿ.ಮೀ. ಹ್ಯಾಂಡಲ್, 10 ಸೆಂ.ಮೀ. ಬಂದರೆ 31.8. ಅಡಾಪ್ಟರಿನ ಎರಡೂ ತುದಿ ಈ ಅಳತೆಗೆ ಹೊಂದಬೇಕು. ಹೊಂದದ್ದನ್ನು ತಂದು ನಡುವೆ ತಗಡು ತುರುಕಿ ಬಿಗಿ ಮಾಡುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಅಂಗಡಿಯಲ್ಲಿ ಅಡಾಪ್ಟರನ್ನು ಬೆಳಕಿಗೆ ಹಿಡಿದು ನೋಡಿ. ಕ್ಲ್ಯಾಂಪಿನ ಒಳಮೈ ನುಣುಪಾಗಿರಬೇಕು, ಅಂಚು ಉಗುರಿಗೆ ಚುಚ್ಚಬಾರದು. ಮುಚ್ಚಳಕ್ಕೆ ನಾಲ್ಕು ಬೋಲ್ಟ್ ಇರುವುದನ್ನೇ ಕೊಳ್ಳಿ. ನಾನು ಮೊದಲು ತಂದದ್ದು ಒಂದೇ ಬೋಲ್ಟಿನದು, ಅಗ್ಗದ್ದು. ರೋಡ್ ಹಂಪ್ ಮುಂದೆ ಬ್ರೇಕ್ ಒತ್ತಿದಾಗ ಅಡಾಪ್ಟರ್ ಜಾರಿ ಹ್ಯಾಂಡಲ್ ಗಕ್ಕನೆ ಕೆಳಗೆ ಬಾಗಿತು. ಬೀಳಲಿಲ್ಲ, ಆದರೆ ಹಿಂದೆ ಬಸ್ಸಿತ್ತು. ಈ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಆ ಒಂದು ಕ್ಷಣವೇ ಕಾರಣ.

ಜೋಡಿಸುವಾಗ

ಈಗಿರುವ ಸ್ಥಿತಿಯನ್ನು ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ಸೀಟಿನ ಮೂತಿಯಿಂದ ಹ್ಯಾಂಡಲ್‌ವರೆಗಿನ ದೂರ ಅಳೆದು ಬರೆದಿಡಿ. ಪೋಸ್ಟಿನ ತಲೆಗೆ ಬಿಚ್ಚುವ ಮುಚ್ಚಳವಿದ್ದರೆ ಬ್ರೇಕು, ಗೇರು, ಹಿಡಿ ಯಾವುದನ್ನೂ ಕಳಚದೆ ಹ್ಯಾಂಡಲನ್ನು ಹಾಗೇ ಹೊರತೆಗೆಯಬಹುದು. ಇಲ್ಲದಿದ್ದರೆ ಒಂದು ಪಕ್ಕದ ಹಿಡಿ, ಬ್ರೇಕ್ ಲಿವರ್ ಬಿಚ್ಚಿ ಹ್ಯಾಂಡಲನ್ನು ಪಕ್ಕಕ್ಕೆ ಎಳೆದು ತೆಗೆಯಬೇಕು.

ಬೋಲ್ಟಿನ ಮರೆಗೆ ತುಸು ಗ್ರೀಸ್ ಹಚ್ಚಿ. ಕ್ಲ್ಯಾಂಪಿನ ಒಳಗೆ, ಹ್ಯಾಂಡಲ್ಲಿನ ಮೇಲೆ ಒಂದು ಹನಿಯೂ ಬೀಳಬಾರದು. ಬಿದ್ದರೆ ಒರೆಸಿ ಒಣಗಿಸಿ. ನಾಲ್ಕು ಬೋಲ್ಟನ್ನೂ ಕೈಯಲ್ಲೇ ಕೂರಿಸಿ, ಆಮೇಲೆ ಅಲೆನ್ ಕೀಯಿಂದ ಮೂಲೆಗೆ ಎದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಮುಚ್ಚಳದ ಮೇಲೂ ಕೆಳಗೂ ಸಂದು ಸಮನಾಗಿರಬೇಕು. ಎಷ್ಟು ಬಿಗಿ ಎಂಬುದು ಸಾಮಾನ್ಯವಾಗಿ ಅಡಾಪ್ಟರಿನ ಮೇಲೆಯೇ ಬರೆದಿರುತ್ತದೆ. ಇಂಥ ಸಣ್ಣ ಬೋಲ್ಟುಗಳಿಗೆ 5 ನ್ಯೂಟನ್ ಮೀಟರ್ ಆಸುಪಾಸು. ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು. ಇಲ್ಲದವರಿಗೆ ಅಂದಾಜು ಹೇಳುವುದಾದರೆ, 10 ಸೆಂ.ಮೀ. ಉದ್ದದ ಕೀಯ ತುದಿಗೆ 5 ಕೆ.ಜಿ. ಭಾರ ತೂಗಿಬಿಟ್ಟಷ್ಟು ಒತ್ತಡ. ಕೀಗೆ ಪೈಪು ಸಿಕ್ಕಿಸಿ ತಿರುಗಿಸಿದರೆ ಮರೆ ಕಿತ್ತು ಬರುತ್ತದೆ.

ಅಡಾಪ್ಟರ್ ತಿರುಗಿಸಿದಂತೆಲ್ಲ ಹ್ಯಾಂಡಲ್ಲೂ ಅದರ ಜೊತೆ ತಿರುಗುತ್ತದೆ, ಬ್ರೇಕ್ ಲಿವರ್ ಆಕಾಶ ನೋಡತೊಡಗುತ್ತದೆ. ಹಾಗಾಗಿ ಮೊದಲು ಅಡಾಪ್ಟರಿನ ಕೋನ, ಆಮೇಲೆ ಹ್ಯಾಂಡಲ್ಲಿನ ಕೋನ. ಸೀಟಿನ ಮೇಲೆ ಕೂತು ಕೈಚಾಚಿ: ಮೊಣಕೈ ತುಸು ಬಾಗಿರಲಿ, ಮುಂಗೈ ಮತ್ತು ಬೆರಳು ಒಂದೇ ಗೆರೆಯಲ್ಲಿ ಲಿವರಿನ ಮೇಲೆ ಬರಲಿ. ಮಣಿಕಟ್ಟು ಮೇಲಕ್ಕೆ ಮುರಿದಂತಿದ್ದರೆ ಜೋಮು ಮತ್ತೆ ಬರುತ್ತದೆ.

ಇನ್ನು ವಯರುಗಳು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಕೊನೆತನಕ ತಿರುಗಿಸಿ. ಯಾವುದಾದರೂ ವಯರ್ ಬಿಗಿದು ನಿಂತರೆ, ಚಕ್ರ ಎತ್ತಿ ತಿರುಗಿಸಿದಾಗ ಬ್ರೇಕ್ ತಾನಾಗಿ ಹಿಡಿದರೆ, ಉದ್ದನೆಯ ವಯರ್ ಹಾಕಿಸುವವರೆಗೆ ಓಡಿಸಬೇಡಿ. ಸೈಕಲ್ ಮಡಚಿ ನೋಡುವುದನ್ನೂ ಮರೆಯಬೇಡಿ. ಮುಂದೆ ಹೋದ ಹ್ಯಾಂಡಲ್ ಚಕ್ರಕ್ಕೆ ತಾಗಬಹುದು, ಗಂಟು ದೊಡ್ಡದಾಗಬಹುದು. ನಮ್ಮ ಮೆಟ್ರೊದಲ್ಲಿ ಮಡಚಿದ ಸೈಕಲ್ಲಿಗೆ ಅಳತೆ, ತೂಕದ ಮಿತಿ ಇರುವುದರಿಂದ ಅಲ್ಲಿ ಒಯ್ಯುವವರು ಟೇಪು ಹಿಡಿದು ಇನ್ನೊಮ್ಮೆ ಅಳೆಯಬೇಕು.

ಕೊನೆಯ ಪರೀಕ್ಷೆ ಮನೆ ಅಂಗಳದಲ್ಲೇ. ಸೈಕಲ್ಲಿನ ಎದುರು ನಿಂತು ಮುಂಚಕ್ರವನ್ನು ಎರಡು ಮೊಣಕಾಲಿನ ನಡುವೆ ಗಟ್ಟಿ ಹಿಡಿದು, ಹ್ಯಾಂಡಲ್ಲಿನ ಮೇಲೆ ಮೈಭಾರ ಹಾಕಿ ಒತ್ತಿ, ಎಳೆಯಿರಿ, ತಿರುಚಿ. ಕೂದಲೆಳೆಯಷ್ಟು ಜಾರಿದರೂ ಬಿಚ್ಚಿ ಮತ್ತೆ ಕೂರಿಸಿ. ಮಡಚುವ ಸೈಕಲ್ಲಿನ ಪೋಸ್ಟು ಮಾಮೂಲಿ ಸ್ಟೆಮ್ಮಿಗಿಂತ ಬಹಳ ಉದ್ದ. ಮೇಲೆ ಒತ್ತಿದ್ದೆಲ್ಲ ಸನ್ನೆಗೋಲಿನಂತೆ ಬುಡದ ಕೀಲಿನ ಮೇಲೆ ಬೀಳುತ್ತದೆ. ಆದ್ದರಿಂದ ಒಂದರ ಮೇಲೊಂದು ಎರಡು ಅಡಾಪ್ಟರ್ ಎಂದೂ ಬೇಡ. ಕಿರುಗುಟ್ಟುವ ಸದ್ದು ಬಂದರೆ ಅಥವಾ ಬೋಲ್ಟಿನ ಸುತ್ತ ಸೀಳುಗೆರೆ ಕಂಡರೆ ಅಂದೇ ತೆಗೆದುಹಾಕಿ.

ಜಾರಿದೆಯೋ ಇಲ್ಲವೋ ಎಂದು ದಿನವೂ ತಿಳಿಯಲು ಪೋಸ್ಟಿನ ತಲೆ ಮತ್ತು ಅಡಾಪ್ಟರ್ ಕೂಡುವಲ್ಲಿ ಎರಡಕ್ಕೂ ಸೇರಿದಂತೆ ಉಗುರುಬಣ್ಣದ ಒಂದು ಗೆರೆ ಎಳೆಯಿರಿ. ಹ್ಯಾಂಡಲ್ ಕೂಡುವಲ್ಲಿ ಇನ್ನೊಂದು. ಗೆರೆ ಮುರಿದು ಕಂಡರೆ ಜಾರಿದೆ ಎಂದರ್ಥ. ನಮ್ಮ ಸೈಕಲ್ಲಿನಲ್ಲಿ ಈಗ ಎರಡು ಬಣ್ಣದ ಗೆರೆಗಳಿವೆ. ಕೆಂಪು ನನ್ನದು, ಅಡಾಪ್ಟರ್ ಮುಂದಕ್ಕೆ, ತುಸು ಮೇಲಕ್ಕೆ. ಗುಲಾಬಿ ನನ್ನ ಹೆಂಡತಿಯದು, 5 ಅಡಿ 1 ಅಂಗುಲ, ಅಡಾಪ್ಟರ್ ಸವಾರನ ಕಡೆಗೆ ವಾಲಿಕೊಂಡಿರುತ್ತದೆ. ಭಾನುವಾರ ಅವಳು ತರಕಾರಿಗೆ ಹೊರಡುವ ಮುಂಚೆ ಕೀ ಹಿಡಿದು ಗುಲಾಬಿಗೆ ತಂದು ಕೊಡುತ್ತೇನೆ. ಹತ್ತು ನಿಮಿಷದ ಕೆಲಸ.