ಒಂದು ಫ್ರೆಂಚ್ ಪದ, ಎರಡು ಅರ್ಥ: ‘ಆಂತ್ರತ್ಯೆಂ’

ಫ್ರೆಂಚ್ ಕಲಿಯುವವರಿಗೆ ಮಾತುಕತೆಗೆ ಮೊದಲು ಸಿಗುವ ಪದಗಳು ‘ಕೋಂವೆರ್ಸಾಸ್ಯೋಂ’ ಮತ್ತು ‘ದಿಸ್ಕ್ಯುಸ್ಯೋಂ’. ಇಂಗ್ಲಿಷಿನ ಕಾನ್ವರ್ಸೇಷನ್, ಡಿಸ್ಕಷನ್‌ಗಳಿಗೆ ಹತ್ತಿರವಾದ್ದರಿಂದ ಇವು ಬೇಗ ನೆನಪಿನಲ್ಲಿ ಉಳಿಯುತ್ತವೆ. ಮೊದಲನೆಯದು ಆರಾಮಾಗಿ ಆಡುವ ಮಾತು. ಎರಡನೆಯದು ಚರ್ಚೆ, ದನಿ ಏರಿದರೆ ಅದೇ ಪದಕ್ಕೆ ವಾಗ್ವಾದ ಎಂಬ ಅರ್ಥವೂ ಬರುತ್ತದೆ. ಆದರೆ ಕೆಲಸಕ್ಕೆ ಅರ್ಜಿ ಹಾಕಿದವರನ್ನು ಫ್ರೆಂಚ್ ಕಂಪನಿ ಕರೆಯುವುದು ಇವೆರಡಕ್ಕೂ ಅಲ್ಲ, ‘ಆಂತ್ರತ್ಯೆಂ’ಗೆ. ವಾಣಿಜ್ಯ ವಿಭಾಗದ ನಮಗೆ ಹೆಚ್ಚು ಬೇಕಾಗುವ ಪದ ಇದೇ.

ಉಚ್ಚಾರಣೆ: ಈ ಪದದ ಎರಡು ಸೊನ್ನೆಗಳನ್ನೂ ಮೂಗಿನಲ್ಲಿ ಹೇಳಬೇಕು. ಕೊನೆಯಲ್ಲಿ ತುಟಿ ಮುಚ್ಚಿ ‘ಮ್’ ಎನ್ನಬಾರದು. ಉರ್ದು ಬಲ್ಲವರಿಗೆ ಇದು ಹೊಸದಲ್ಲ. ‘ಮಾಂ’, ‘ಯಹಾಂ’ ಪದಗಳ ಕೊನೆಯಲ್ಲಿ ಬರುವ ನೂನ್ ಗುನ್ನಾ ನೆನಪಿಸಿಕೊಂಡರೆ ಸಾಕು. ನಡುವಿನ ‘ರ’ ಕೂಡ ನಾಲಿಗೆಯ ತುದಿಯದಲ್ಲ, ಗಂಟಲಿನದು. ಗಾಲಿಬ್ ಹೆಸರಿನ ಮೊದಲ ಅಕ್ಷರವಾದ ‘ಗೈನ್’ ಅದಕ್ಕೆ ಬಹಳ ಹತ್ತಿರ. ಫ್ರೆಂಚ್ ತರಗತಿಯಲ್ಲಿ ಎಲ್ಲರಿಗೂ ಕಷ್ಟವಾಗುವ ಈ ಎರಡು ಧ್ವನಿಗಳು ನಮ್ಮ ಮನೆಯಲ್ಲಿ ದಿನವೂ ಕೇಳುವಂಥವು.

ಲಿಂಗ: ಕನ್ನಡದಲ್ಲಿ ಮೇಜು, ಮಾತು, ಮನೆ ಎಲ್ಲವೂ ‘ಅದು’. ಉರ್ದುವಿನಲ್ಲಿ ‘ಬಾತ್’ ಸ್ತ್ರೀಲಿಂಗ, ‘ಕಾಮ್’ ಪುಲ್ಲಿಂಗ. ಫ್ರೆಂಚ್ ಕೂಡ ಹಾಗೆಯೇ. ‘ಕೋಂವೆರ್ಸಾಸ್ಯೋಂ’ ಮತ್ತು ‘ದಿಸ್ಕ್ಯುಸ್ಯೋಂ’ ಸ್ತ್ರೀಲಿಂಗ, ‘ಆಂತ್ರತ್ಯೆಂ’ ಪುಲ್ಲಿಂಗ. ಆದ್ದರಿಂದ ಇದರ ಹಿಂದೆ ಪುಲ್ಲಿಂಗದ ‘ಅಂ’ (ಒಂದು) ಬರುತ್ತದೆ. ಮುಂದಿನ ಪದ ಸ್ವರದಿಂದ ಶುರುವಾಗುವ ಕಾರಣ ಎರಡೂ ಕೂಡಿ ‘ಅಂ-ನಾಂತ್ರತ್ಯೆಂ’ ಎಂದು ಕೇಳಿಸುತ್ತದೆ.

ಬಳಕೆ: ‘ಝೆ ಅಂ-ನಾಂತ್ರತ್ಯೆಂ ದಮೆಂ’ ಎಂದರೆ ‘ನಾಳೆ ನನಗೆ ಸಂದರ್ಶನವಿದೆ’. ಕೆಲಸದ ಸಂದರ್ಶನ ಎಂದು ಸ್ಪಷ್ಟವಾಗಿ ಹೇಳಲು ‘ಆಂತ್ರತ್ಯೆಂ ದಾಂಬೋಶ್’ ಎನ್ನುತ್ತಾರೆ. ‘ಆಂಬೋಶ್’ ಎಂದರೆ ಕೆಲಸಕ್ಕೆ ಸೇರಿಸಿಕೊಳ್ಳುವುದು. ‘ಪಾಸೆ ಅಂ-ನಾಂತ್ರತ್ಯೆಂ’ ಎಂಬಲ್ಲಿ ಮಾತ್ರ ಎಚ್ಚರ ಬೇಕು. ‘ಪಾಸೆ’ ಕೇಳಿ ಪಾಸಾಯಿತು ಎಂದು ಸಂತೋಷಪಡುವ ಹಾಗಿಲ್ಲ. ಅದರ ಅರ್ಥ ಸಂದರ್ಶನಕ್ಕೆ ಹಾಜರಾಗುವುದು, ಅಷ್ಟೇ. ಪರೀಕ್ಷೆಗೂ ಇದೇ ಕ್ರಿಯಾಪದ. ಗೆದ್ದದ್ದನ್ನು ಹೇಳಲು ‘ರೆಯುಸೀರ್’ ಎಂಬ ಬೇರೆ ಕ್ರಿಯಾಪದವಿದೆ.

ಇನ್ನೊಂದು ಅರ್ಥ: ಫ್ರಾನ್ಸಿನ ಲೆಕ್ಕಪತ್ರಗಳಲ್ಲಿ ಪ್ರತಿ ಖಾತೆಗೂ ಒಂದು ಸಂಖ್ಯೆ ಇರುತ್ತದೆ. 6ರಿಂದ ಶುರುವಾಗುವವು ಖರ್ಚಿನ ಖಾತೆಗಳು. ಅವುಗಳಲ್ಲಿ 615ನೆಯ ಖಾತೆಯ ಹೆಸರು ‘ಆಂತ್ರತ್ಯೆಂ ಎ ರೆಪಾರಾಸ್ಯೋಂ’. ಅಂದರೆ ನಾವು ಲಾಭ ನಷ್ಟ ಖಾತೆಯ ಡೆಬಿಟ್ ಬದಿಗೆ ಬರೆಯುವ ನಿರ್ವಹಣೆ ಮತ್ತು ರಿಪೇರಿ ವೆಚ್ಚ. ಕಾರನ್ನು, ಕಟ್ಟಡವನ್ನು, ಯಂತ್ರವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವುದೂ ಫ್ರೆಂಚರಿಗೆ ‘ಆಂತ್ರತ್ಯೆಂ’. ಗುರುತು ಹಿಡಿಯುವುದು ಸುಲಭ: ‘ಆವೆಕ್’ (ಜೊತೆ) ಬಂದು ಮುಂದೆ ಮನುಷ್ಯರಿದ್ದರೆ ಮಾತು, ‘ದ’ ಬಂದು ಮುಂದೆ ವಸ್ತುವಿದ್ದರೆ ನಿರ್ವಹಣೆ.

ಮಾತಿಗೂ ನಿರ್ವಹಣೆಗೂ ಒಂದೇ ಪದ ಏಕೆ? ಇದರ ಮೂಲ ‘ಆಂತ್ರತನೀರ್’ ಎಂಬ ಕ್ರಿಯಾಪದ. ‘ಆಂತ್ರ’ ಎಂದರೆ ನಡುವೆ, ‘ತನೀರ್’ ಎಂದರೆ ಹಿಡಿದುಕೊಳ್ಳುವುದು. ಬೀಳದಂತೆ ಹಿಡಿದುಕೊಂಡದ್ದು ಉಳಿಯುತ್ತದೆ. ಗೆಳೆತನ ಉಳಿಸಿಕೊಳ್ಳುವುದಕ್ಕೂ ಫ್ರೆಂಚರು ಇದೇ ಕ್ರಿಯಾಪದ ಬಳಸುತ್ತಾರೆ.

ಇಲ್ಲಿ ನನಗೆ ನಮ್ಮ ಕಾಲೇಜಿನದೇ ಒಂದು ವಿಷಯ ಹೇಳಬೇಕೆನಿಸುತ್ತದೆ. ಉರ್ದು ಮನೆಗಳಿಂದ ಬಂದ ನಮ್ಮಲ್ಲಿ ಹಲವರು ಕನ್ನಡ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆಯುತ್ತೇವೆ. ಆದರೆ ಕ್ಯಾಂಟೀನಿನಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಸುಮ್ಮನಿರುತ್ತೇವೆ. ‘ಬಂದ’, ‘ಬಂತು’ ಅದಲುಬದಲಾದರೆ ಯಾರಾದರೂ ನಗುತ್ತಾರೆ ಎಂಬ ಅಳುಕು. ಕನ್ನಡದ ಮನೆಯವರು ಇಂಗ್ಲಿಷ್ ತರಗತಿಯಲ್ಲಿ ಹೀಗೆಯೇ ಸುಮ್ಮನಾಗುವುದನ್ನೂ ನೋಡಿದ್ದೇನೆ. ನಾಳೆ ಸಂದರ್ಶನದ ಮೇಜಿನ ಎದುರು ಕುಳಿತಾಗ ಅಂಕಪಟ್ಟಿ ನಮ್ಮ ಪರವಾಗಿ ಮಾತಾಡುವುದಿಲ್ಲ.

ಅಕೌಂಟೆನ್ಸಿಯ ಮಾತಿನಲ್ಲಿ ಹೇಳುವುದಾದರೆ, ಕಲಿತ ಭಾಷೆ ನಮ್ಮ ಆಸ್ತಿ. ಅದನ್ನು ಆಡುವುದು ಅದರ ನಿರ್ವಹಣೆ ವೆಚ್ಚ. ಯಂತ್ರವನ್ನು ಒಮ್ಮೆ ಕೊಂಡರೆ ಸಾಲದು, ಎಣ್ಣೆ ಹಾಕುತ್ತಲೇ ಇರಬೇಕು. ಅದು ವರ್ಷ ವರ್ಷವೂ ಬರುವ ಖರ್ಚು. ಭಾಷೆಯ ವಿಷಯದಲ್ಲಿ ಆ ಖರ್ಚು ಸ್ವಲ್ಪ ಸಂಕೋಚ, ಕೆಲವು ತಪ್ಪು, ಯಾರದೋ ಒಂದು ನಗು. ಕೇಳುವವರು ನಗದೆ ತಿದ್ದಿದರೆ ಆ ಖರ್ಚೂ ಅರ್ಧಕ್ಕೆ ಇಳಿಯುತ್ತದೆ. ಇದು ಇಬ್ಬರೂ ಸೇರಿ ಹಿಡಿದುಕೊಳ್ಳಬೇಕಾದದ್ದು ತಾನೇ?

ಅಭ್ಯಾಸ: ಕೆಳಗಿನವುಗಳಿಗೆ ಸರಿಯಾದ ಫ್ರೆಂಚ್ ಪದ ಯಾವುದು?
1. ಪ್ರಾಂಶುಪಾಲರೊಂದಿಗೆ ನಿಗದಿಯಾದ ಭೇಟಿ ಮತ್ತು ಮಾತು.
2. ಊಟದ ಹೊತ್ತಿನಲ್ಲಿ ಗೆಳತಿಯರ ಹರಟೆ.
3. ಕಾಲೇಜು ಬಸ್ಸಿನ ನಿರ್ವಹಣೆ.
4. ಸ್ಕೋರ್ ಬಗ್ಗೆ ದನಿ ಏರಿದ ವಾದ.

ಉತ್ತರ: 1 ಮತ್ತು 3 – ಆಂತ್ರತ್ಯೆಂ, 2 – ಕೋಂವೆರ್ಸಾಸ್ಯೋಂ, 4 – ದಿಸ್ಕ್ಯುಸ್ಯೋಂ.