ಸಾಮರ್ಥ್ಯ ಬೇರೆ, ಬಳಕೆ ಬೇರೆ: ಪಾರ್ಶ್ವವಾಯುವಿನ ನಂತರ ಕೈಯ ಲೆಕ್ಕ

ಯಂತ್ರದ ಸ್ಥಾಪಿತ ಸಾಮರ್ಥ್ಯ ಬೇರೆ, ಅದರಿಂದ ದೊರೆಯುವ ವಾಸ್ತವ ಉತ್ಪಾದನೆ ಬೇರೆ ಎಂಬುದು ಉದ್ಯಮಿಗಳೆಲ್ಲರಿಗೂ ತಿಳಿದಿದೆ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುವ ಕೈಗೂ ಈ ಭೇದವು ಅನ್ವಯಿಸುತ್ತದೆ.

ನಾನು ಲೆಕ್ಕಪತ್ರ ನೋಡುವ ಧಾನ್ಯ ವರ್ತಕರೊಬ್ಬರ ಬಲಗೈ ಪಾರ್ಶ್ವವಾಯುವಿಗೆ ತುತ್ತಾಗಿತ್ತು. ಆರು ತಿಂಗಳ ವ್ಯಾಯಾಮದ ನಂತರ ತಪಾಸಣೆಯಲ್ಲಿ ಕೈ ಚೆನ್ನಾಗಿಯೇ ಚಲಿಸಿತು. ಆದರೆ ಅಂಗಡಿಯಲ್ಲಿ ಅವರು ಬೀಗ ತೆಗೆಯುವುದೂ ನೋಟು ಎಣಿಸುವುದೂ ಎಡಗೈಯಿಂದಲೇ. ಬ್ಯಾಂಕಿನಲ್ಲಿರುವ ಮಾದರಿ ಸಹಿಯನ್ನು ಬದಲಾಯಿಸಬೇಕೆಂದು ಅವರು ಬಂದಾಗ ನಾನು ಈ ವಿಷಯವನ್ನು ಅಭ್ಯಸಿಸತೊಡಗಿದೆನು.

ಕಾರಣವೇನು?

ಆಘಾತವಾದ ಆರಂಭದಲ್ಲಿ ದುರ್ಬಲ ಕೈ ಪದೇಪದೇ ಸೋಲುತ್ತದೆ. ಆರೋಗ್ಯವಂತ ಕೈ ಅದರ ಕೆಲಸವನ್ನು ವಹಿಸಿಕೊಳ್ಳುತ್ತದೆ. ಶಕ್ತಿ ಮರಳಿದ ಮೇಲೂ ಈ ರೂಢಿ ಉಳಿದುಬಿಡುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಇದನ್ನು ಕಲಿತ ನಿರುಪಯೋಗವೆಂದು ವಿವರಿಸಿದರು.

ಅಳತೆ ಹೇಗೆ?

ಚಿಕಿತ್ಸಾಲಯದಲ್ಲಿ ಬಳಸುವ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ ೧೯ ಅಂಶಗಳೂ ೫೭ ಅಂಕಗಳೂ ಇವೆ. ವರ್ಷಾಂತ್ಯದ ದಾಸ್ತಾನು ಎಣಿಕೆಯಂತೆ ಅದು ಆ ದಿನದ ಸಾಮರ್ಥ್ಯವನ್ನಷ್ಟೇ ತೋರಿಸುತ್ತದೆ. ನಿತ್ಯದ ಬಳಕೆ ತಿಳಿಯಲು ದಿನವಹಿಯೇ ಬೇಕು. ಎರಡೂ ಮಣಿಕಟ್ಟುಗಳಿಗೆ ಕೈಗಡಿಯಾರದಂತೆ ಕಟ್ಟುವ ಸಂವೇದಕಗಳು ಈ ದಿನವಹಿಯನ್ನು ಬರೆಯುತ್ತವೆ. ಇವು ಚಲನೆಯ ವೇಗದಲ್ಲಾಗುವ ಬದಲಾವಣೆಯನ್ನು ಸೆಕೆಂಡಿಗೆ ಹಲವು ಬಾರಿ ದಾಖಲಿಸುತ್ತವೆ. ದುರ್ಬಲ ಕೈ ಚಲಿಸಿದ ಗಂಟೆಗಳನ್ನು ಇನ್ನೊಂದು ಕೈಯ ಗಂಟೆಗಳಿಂದ ಭಾಗಿಸಿದರೆ ಬಳಕೆಯ ಅನುಪಾತ ದೊರೆಯುತ್ತದೆ. ಆರೋಗ್ಯವಂತರಲ್ಲಿ ಎರಡೂ ಕೈಗಳ ಬಳಕೆ ಬಹುತೇಕ ಸಮ. ಅವರ ಅನುಪಾತ ಸುಮಾರು ೦.೯೫.

ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ೭೮ ರೋಗಿಗಳನ್ನು ಹೀಗೆ ಪರಿಶೀಲಿಸಿ ೨೦೧೭ರಲ್ಲಿ ಫಲಿತಾಂಶ ಪ್ರಕಟಿಸಿದರು. ತರಬೇತಿಯ ನಂತರ ಚಿಕಿತ್ಸಾಲಯದ ಅಂಕಗಳು ಏರಿದವು. ಸಂವೇದಕಗಳು ದಾಖಲಿಸಿದ ದೈನಂದಿನ ಬಳಕೆ ಮಾತ್ರ ಒಟ್ಟಾರೆ ಹೆಚ್ಚಲಿಲ್ಲ.

ಮಿತಿಗಳು

ನಡೆಯುವಾಗ ಕೈ ಬೀಸಿದರೂ ಸಂವೇದಕವು ಅದನ್ನು ಚಲನೆಯೆಂದೇ ದಾಖಲಿಸುತ್ತದೆ. ಬೆರಳುಗಳ ಸೂಕ್ಷ್ಮ ಕೆಲಸ ಅದಕ್ಕೆ ಸರಿಯಾಗಿ ಕಾಣದು. ಒಂದೇ ಕೈಗೆ ಕಟ್ಟುವ ಸಾಮಾನ್ಯ ಗಡಿಯಾರದಿಂದ ಎರಡು ಕೈಗಳ ಹೋಲಿಕೆಯೂ ಸಾಧ್ಯವಿಲ್ಲ. ಅಂಕಿಯ ಹಿಂದಿನ ಅರ್ಥವನ್ನು ಚಿಕಿತ್ಸಕರೇ ನಿರ್ಧರಿಸಬೇಕು.

ನಾವು ಮಾಡಬಹುದಾದುದು

೧. ತಪಾಸಣೆಗೆ ಹೋದಾಗ ‘ಕೈ ಏನು ಮಾಡಬಲ್ಲದು’ ಎಂಬುದರೊಂದಿಗೆ ‘ಮನೆಯಲ್ಲಿ ಏನು ಮಾಡುತ್ತಿದೆ’ ಎಂಬುದನ್ನೂ ಚರ್ಚಿಸಿರಿ.
೨. ಸಂವೇದಕ ದೊರೆಯದಿದ್ದರೆ ಬೀಗ, ಲೇಖನಿ, ಲೋಟ, ದೂರವಾಣಿ ಇವುಗಳಿಗೆ ಯಾವ ಕೈ ಬಳಕೆಯಾಯಿತೆಂದು ಪ್ರತಿದಿನ ಬರೆದಿಡಿರಿ. ಟಾಬ್ ಅವರ ಚಿಕಿತ್ಸಾಕ್ರಮದಲ್ಲಿಯೂ ದಿನಚರಿಯ ದಾಖಲೆ ಮತ್ತು ಲಿಖಿತ ಒಪ್ಪಂದಕ್ಕೆ ಸ್ಥಾನವಿದೆ.
೩. ಅವಸರದಲ್ಲಿ ರೋಗಿಯ ಕೆಲಸವನ್ನು ನಾವೇ ಮಾಡಿಕೊಡಬಾರದು.

ನಮ್ಮ ವರ್ತಕರು ಈಗ ಅಂತಹ ಪುಸ್ತಕವೊಂದನ್ನು ಇಟ್ಟಿದ್ದಾರೆ. ಸಹಿ ಬದಲಾವಣೆಯ ಅರ್ಜಿಯನ್ನು ಆರು ತಿಂಗಳು ಮುಂದೂಡಿದ್ದೇವೆ.